ಭೀಮನ ಎದೆಕವಚ

ಹೊಳೆನರಸೀಪುರ
೪-೨-೧೯೫೮, ಮಂಗಳವಾರ

ಹಾಸನದ ಡ್ರಾಮಾ ಡ್ರೆಸ್ ಅಂಗಡಿಯ ಶ್ರೀ ಷಡಕ್ಷರಿಯವರಿಗೆ, ನಾಲ್ಕು ವರ್ಷದಿಂದ ಬೇರೆ ಮನೆ ಮಾಡಿಕೊಂಡಿರುವ ನಿಮ್ಮ ಹೆಂಡತಿ ನೀಲಾಂಬಿಕೆಯ ನಮಸ್ಕಾರ.

ಚನ್ನರಾಯಪಟ್ಟಣದಿಂದ ನೀವು ಬರೆದ ಕಾಗದ ಕೈಸೇರಿತು. ಶುಕ್ರವಾರ ಅಲ್ಲಿ ಭೀಮನ ಪಾರ್ಟು ನಿಮ್ಮದೇ ಅಂತೆ, ಅರಕಲಗೂಡಿನಿಂದ ವೇಷದ ಟ್ರಂಕು ಬರುತ್ತಿದೆಯಂತೆ. ಕವಚವನ್ನು ಆಸ್ಪತ್ರೆಗೆ ಒಪ್ಪಿಸಿ ಎಂದು ನಾನು ಬರೆದದ್ದಕ್ಕೆ, "ಎದೆಕವಚ ಕೊಡೋದಿಲ್ಲ, ಅದೇನ್ ಮಾಡ್ಕೋತೀಯೋ ಮಾಡ್ಕೋ" ಎಂದಿದ್ದೀರಿ. ಭಲೆ! ಹಾರ್ಮೋನಿಯಂ ಪಕ್ಕದಲ್ಲೇ ತೊಟ್ಟಿಲು ಕಟ್ಟಿಸಿಕೊಂಡು ಬೆಳೆದವಳು ನಾನು, ನಾಟಕದ ಮೇಷ್ಟ್ರ ಮಗಳು. ಇಂಥ ಗರ್ಜನೆಗೆ ಹೆದರಿ ಪರದೆಯ ಹಿಂದೆ ಸರಿಯುವವಳಲ್ಲ. ಈಗ ನನ್ನ ಸರದಿ, ಕೇಳಿ!

ದೀಪಾವಳಿ ಕಳೆದ ಮೇಲೆ ಇಲ್ಲಿನ ರಂಗಸ್ವಾಮಿಯನ್ನು ಗಾಡಿಯಲ್ಲಿ ಮಲಗಿಸಿಕೊಂಡು ನಾನು ಕೆಲಸ ಮಾಡುವ ಆಸ್ಪತ್ರೆಗೆ ತಂದರು. ಎರಡೂ ಹೆಗಲ ಮೇಲೆ, ಎದೆಯ ಮೇಲೆ, ಕೆಂಡದಂಥ ಕುರು. ಪೆನಿಸಿಲಿನ್ ಚುಚ್ಚಿದೆವು. ಮತ್ತೆ ಚುಚ್ಚಿದೆವು. ನೀರು ಚುಚ್ಚಿದ ಹಾಗಾಯಿತು. ಡಾಕ್ಟರು ಕೀವನ್ನು ಬೆಂಗಳೂರಿನ ಲ್ಯಾಬಿಗೆ ಕಳಿಸಿದರು. ಈ ರೋಗಾಣು ಪೆನಿಸಿಲಿನ್‌ಗೆ ಸಾಯುವ ಜಾತಿಯದಲ್ಲ ಎಂದು ಉತ್ತರ ಬಂತು. ಆಮೇಲೆ ಅವನ ಹೆಂಡತಿಗೆ ಎದೆಬಾವು, ಮೊಲೆ ಕುಡಿಯುವ ಕೂಸಿನ ಮೈತುಂಬ ಬೊಕ್ಕೆ. ಎಲ್ಲಿಂದ ಬಂತೋ ಹುಡುಕಿ ತನ್ನಿ ಎಂದು ಡಾಕ್ಟರು ನನ್ನನ್ನು ಅಟ್ಟಿದರು.

ಒಂದು ತಪ್ಪು ಮಾಡಿದೆ, ಒಪ್ಪುತ್ತೇನೆ. ಕ್ಷೌರದ ಕತ್ತಿಯೇ ಮೂಲ ಎಂದುಕೊಂಡು ದೊಡ್ಡಯ್ಯನವರ ಅಂಗಡಿಗೆ ಹದಿನೈದು ದಿನ ಬೀಗ ಹಾಕಿಸಿದೆ. "ನಾನು ಗಡ್ಡ ಎರೆಯೋನು ಕಣವ್ವಾ, ಎಗಲು ಎರೆಯೋನಲ್ಲ. ಆ ಕುರು ಎಲ್ಲೆದ್ದದೆ ಅಂತ ಒಸಿ ಕಣ್ಬುಟ್ಟು ನೋಡು" ಎಂದರು ಅವರು. ಕೆನ್ನೆಗೆ ಬಾರಿಸಿದಂತಾಯಿತು.

ಅಷ್ಟರಲ್ಲಿ ಅರಕಲಗೂಡಿನ ಬೈರಯ್ಯನನ್ನು ತಂದರು. ಅವನಿಗೂ ಅದೇ ಹೆಗಲು, ಅದೇ ಎದೆ. ಈ ಸಲ ಕಣ್ಣುಬಿಟ್ಟು ನೋಡಿದೆ. ಕವಚದ ಪಟ್ಟಿ ಉಜ್ಜುವ ಜಾಗದಲ್ಲೇ ಕುರು ಸಾಲಾಗಿ ಎದ್ದಿತ್ತು! ಏನು ತಿಂದೆ, ಯಾವ ನೀರು ಕುಡಿದೆ ಎಂದು ಕೇಳುವುದನ್ನು ಬಿಟ್ಟು, ಯಾವ ಪಾರ್ಟು ಮಾಡಿದೆ ಎಂದು ಕೇಳಿದೆ. ಆ ಜ್ವರದಲ್ಲೂ ಅವನು ನಕ್ಕ. "ಬೀಮನ್ದು ಕಣವ್ವಾ. ಎರಡ್ ಸಲ ಒನ್ಸ್ ಮೋರ್ ಬಿದ್ದವೆ, ಬೇಕಾದ್ರೆ ಊರ್ನೋರ್ನ ಕೇಳು!" ರಂಗಸ್ವಾಮಿಯೂ ಭೀಮನೇ. ಊರು ಎರಡು, ಭೀಮರು ಇಬ್ಬರು, ಕವಚ ಒಂದೇ. ಅದು ನಿಮ್ಮದು.

ಬೈರಯ್ಯ ಮೂರನೆಯ ದಿನ ತೀರಿಕೊಂಡ. ನಂಜು ರಕ್ತಕ್ಕೆ ಇಳಿದಿತ್ತು.

ಕವಚಕ್ಕೆ ಪೂಜೆಯುಂಟು, ಒಗೆತವಿಲ್ಲ. ನೀರು ಸೋಕಿದರೆ ಜರಿ ಮಾಸುತ್ತದೆ, ಪನ್ನೀರು ಚಿಮುಕಿಸಿ ಬಿಸಿಲಿಗಿಟ್ಟರೆ ಸಾಕು ಎಂಬುದು ನಿಮ್ಮ ವಾದ. ಆ ಪನ್ನೀರಿನ ಅಡಿಯಲ್ಲಿ ರಂಗಸ್ವಾಮಿಯ ಕೀವಿದೆ, ಬೈರಯ್ಯನ ಬೆವರಿದೆ, ಅವರಿಗಿಂತ ಮುಂಚೆ ಯಾರದೋ ನಂಜಿದೆ. ಅದಕ್ಕೆ ನಿಮ್ಮ ಎದೆ ಒಡ್ಡುತ್ತೀರಾ?

ಅಂಗಡಿಯ ಹೆಸರು ಕೆಡಿಸುತ್ತಿದ್ದೇನಂತೆ. ಕೆಡಲಿ! ವರದಿ ಮೇಲಿನವರಿಗೆ ಹೋಗಿಯಾಯಿತು. ನಿಮ್ಮ ಹೆಸರನ್ನು ನನ್ನ ಕೈಯಾರೆ, ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಹೆಂಡತಿಯಾಗಿ ಸೆರಗೊಡ್ಡಿ ಬೇಡುತ್ತಿಲ್ಲ. ಹೆಲ್ತ್ ವಿಸಿಟರಾಗಿ ಹೇಳುತ್ತಿದ್ದೇನೆ. ಆ ಕವಚ ನಿಮ್ಮ ಮೈ ಮುಟ್ಟಕೂಡದು. ಮುಟ್ಟಗೊಡುವುದಿಲ್ಲ.

ಇತಿ,
ನೀಲಾಂಬಿಕೆ
ಹೆಲ್ತ್ ವಿಸಿಟರ್

ವಿ.ಸೂ.: ಹುಡುಕಬೇಡಿ. ಇಲ್ಲಿ ಬಸ್ಸು ಬದಲಿಸುವಾಗ ಟ್ರಂಕನ್ನು ಆಸ್ಪತ್ರೆಗೆ ಹೊರಿಸಿಕೊಂಡು ಬಂದೆ. ಬಟ್ಟೆಗಳನ್ನೆಲ್ಲ ಕುದಿಸಿ ಒಣಗಿಸಿದ್ದೇನೆ. ಕವಚವನ್ನು ಕುದಿಸಲಾಗಲಿಲ್ಲ. ಮದುವೆಯಾದ ವರ್ಷ ಅದಕ್ಕೆ ಹತ್ತಿ ತುಂಬಿ, ಯಾರೂ ಬಿಚ್ಚಲಾಗದ ಹಾಗೆ ಸುತ್ತಲೂ ಹೊಲಿದವಳು ನಾನೇ ಅಲ್ಲವೇ? ಸುಟ್ಟುಬಿಟ್ಟೆ. ಟ್ರಂಕಿನ ಜತೆ ಬಂದ ನಿಮ್ಮ ಆಳು ತಮ್ಮಯ್ಯ, "ಸಾವ್ಕಾರ್ರು ನನ್ ಚರ್ಮ ಸುಲ್ದ್‌ಬುಡ್ತಾರೆ ಕಣ್ರವ್ವಾ" ಎಂದು ಬಾಯಿ ಬಡಿದುಕೊಂಡ, ಅವನನ್ನು ಬಯ್ಯಬೇಡಿ. ಈ ಕಾಗದದ ಜತೆ ಅವನ ಕೈಯಲ್ಲೇ ಹೊಸ ಕವಚ ಕಳಿಸಿದ್ದೇನೆ. ಬೈರಯ್ಯ ಹೋದ ದಿನದಿಂದ ಹೊಲಿಯುತ್ತಿದ್ದೆ. ಒಳಬಟ್ಟೆಗೆ ಲಾಡಿ ಇಟ್ಟಿದ್ದೇನೆ. ಪ್ರತಿ ನಾಟಕ ಮುಗಿದ ಮೇಲೂ ಬಿಚ್ಚಿ ಕುದಿಸಿ. ಕುದಿಸದಿದ್ದರೆ ಇದನ್ನೂ ಸುಡುತ್ತೇನೆ. ನಿಮ್ಮ ಅಳತೆ ನನಗೆ ಮರೆತಿಲ್ಲ; ಇನ್ನೊಂದು ಹೊಲಿದೇನು.