ಸೊಟ್ಟ ಹೊಲಿಗೆ ಬಿಚ್ಚಬೇಡಿ

ರೀ,

ನಾನು ಲಾಂಡ್ರಿ ಕೆಲಸಕ್ಕೆ ಹೊರಟೆ, ಆರು ಗಂಟೆಗೆ ಬರ್ತೀನಿ. ಬೆಳಗ್ಗಿನ ಇನ್ಸುಲಿನ್ ಕೊಟ್ಟಾಗಿದೆ. ಮತ್ತೆ ಚುಚ್ಚಿಕೊಳ್ಳಬೇಡಿ. ಬಾಟಲಿ ಹುಡುಕಬೇಡಿ, ಜೊತೆಗೇ ತಗೊಂಡು ಹೋಗಿದೀನಿ.

ಕೊಟ್ಟಿದ್ದಕ್ಕೆ ಗುರುತಾಗಿ ಕನ್ನಡಿ ಮೇಲೆ ನಿಮ್ಮ ಚಾಕ್‌ನಲ್ಲೇ ಗೆರೆ ಎಳೆದಿಡ್ತಿದ್ದೆ. ಮೊನ್ನೆ ನೀವು ಅದನ್ನ ಒರೆಸಿಬಿಟ್ಟು, ಇನ್ನೊಂದು ಸಲ ಚುಚ್ಚಿಕೊಂಡು ತಲೆತಿರುಗಿ ಬಿದ್ರಿ. ಹೊಲಿದಾದ ಮೇಲೆ ಗೆರೆ ಒರೆಸಿ ಒರೆಸಿ ಪಳಗಿದ ಟೈಲರ್ ಕೈ, ಸುಮ್ಮನಿರುತ್ತಾ? ಅದಕ್ಕೇ ಇವತ್ತು ನಿಮ್ಮ ಅಂಗಿ ತೋಳಿಗೆ ಕೆಂಪು ದಾರ ಹೊಲಿದಿದೀನಿ. ದಾರ ಇದ್ರೆ ಇನ್ಸುಲಿನ್ ಆಗಿದೆ ಅಂತ. ಸೊಟ್ಟಗಿದೆ, ಗೊತ್ತು. ಬಿಚ್ಚಿ ನೆಟ್ಟಗೆ ಹೊಲಿಯೋಕೆ ಹೋಗಬೇಡಿ.

ಒಂದು ಗಂಟೆಗೆ ಊಟ ಮಾಡಿ, ಡಬ್ಬಿ ಮೇಜಿನ ಮೇಲಿದೆ. "ಸಕ್ಕರೆ ಇರೋದು ರಕ್ತದಲ್ಲಿ, ತಲೆಗೇನು ಸಂಬಂಧ?" ಅಂತ ಮತ್ತೆ ಶುರು ಮಾಡಬೇಡಿ. ಸಕ್ಕರೆ ಹೀಗೆ ಏರಿಳೀತಿದ್ರೆ ಮರೆವೂ ಹೆಚ್ಚಬಹುದು ಅಂದಿದಾರೆ ಡಾಕ್ಟರು.

ನಿನ್ನೆ ಇದೇ ಮಾತಿಗೆ ಜೋರು ಜಗಳ ಆಡಿದ್ವಿ. ಬೆಳಗ್ಗೆ ನೀವು ನಗ್ತಾ ಎದ್ರಿ, ಒಂದೂ ನೆನಪಿಲ್ಲ. ಮೊದಲೆಲ್ಲ ಮೂರು ದಿನ ಮಾತು ಬಿಡ್ತಿದ್ರಿ. ಈಗ ಮುನಿಸಿಕೊಳ್ಳೋದೂ ನಾನೊಬ್ಬಳೇ, ರಾಜಿಯಾಗೋದೂ ನಾನೊಬ್ಬಳೇ.