ರೆಮಿ ಆಂಟಿಯ ಇಲ್ಲದ ದೇಶ

ಲಿವೋನಿಯಾ, ಮಿಷಿಗನ್
ಅಕ್ಟೋಬರ್ ೧೨, ೨೦೨೫

ಪ್ರೀತಿಯ ದೊಡ್ಡಕ್ಕನಿಗೆ,

ಮಂಡಿನೋವು ಹೇಗಿದೆ? ಭಾನುವಿನ ಕೆಮ್ಮು ನಿಂತಿತೇ? ಎಷ್ಟು ಹಟ ಮಾಡಿದರೂ ನನ್ನ ಮಗಳಿಗೆ ರಾತ್ರಿ ಮೊಸರು ಕೊಡಬೇಡ. ಹೆತ್ತವಳು ಇಲ್ಲಿ ಕೂತು ಸಾಕುವವಳಿಗೆ ಬುದ್ಧಿ ಹೇಳುತ್ತಾಳೆ ಎಂದು ನಗಬೇಡ. ಇಲ್ಲಿ ನನ್ನ ಕೆಲಸದ ಮನೆಯಲ್ಲಿ ಪವಿತ್ರಕ್ಕನ ಮಗು ಸಿಯಾಗೆ ಹಲ್ಲು ಬರುತ್ತಿದೆ, ಇಡೀ ದಿನ ನನ್ನ ಸೊಂಟ ಬಿಟ್ಟು ಇಳಿಯುವುದಿಲ್ಲ.

ಪಕ್ಕದ ಮನೆಯ ಅಜ್ಜಿಯನ್ನು ನೋಡಿಕೊಳ್ಳುವ ರೆಮಿ ಆಂಟಿಯ ವಿಷಯ ಹೇಳಿದ್ದೆನಲ್ಲ, ಫಿಲಿಪೀನ್ಸಿನವಳು. ಮಧ್ಯಾಹ್ನ ಅವಳು ಅಜ್ಜಿಯ ಗಾಲಿಕುರ್ಚಿ, ನಾನು ಮಗುವಿನ ಗಾಡಿ ತಳ್ಳಿಕೊಂಡು ಹೋಗುವಾಗ ಒಂದು ಇಲ್ಲದ ದೇಶ ಕಟ್ಟುತ್ತಾಳೆ. ಅವಳ ನಾಡಿನವರನ್ನು ಮುನ್ನೂರು ವರ್ಷ ಸ್ಪೇನಿನವರು ಆಳಿದರಂತೆ, ಆಮೇಲೆ ಅಮೆರಿಕದವರಂತೆ. ಅಮೆರಿಕದ ಹಡಗು ಬರದೇ ಇದ್ದಿದ್ದರೆ? ಸ್ಪೇನಿನ ರಾಜ, ನಿಮ್ಮ ಮನೆ ನೀವೇ ನೋಡಿಕೊಳ್ಳಿ ಎಂದಿದ್ದರೆ? ಆಗ ಮನಿಲಾದಲ್ಲಿ ಅವರದೇ ಸಭೆ, ಅವರದೇ ಕಾನೂನು. ಶಾಲೆಯ ಪುಸ್ತಕದಲ್ಲಿ ಅವರ ಭಾಷೆ ತಗಲಾಗ್ ಒಂದು ಪುಟ, ಸ್ಪ್ಯಾನಿಷ್ ಒಂದು ಪುಟ. ಅವಳ ಅಜ್ಜಿ ಸ್ಪ್ಯಾನಿಷಿನಲ್ಲಿ ಹೇಳುತ್ತಿದ್ದ ಪ್ರಾರ್ಥನೆ ಇವಳಿಗೂ ಅರ್ಥವಾಗುತ್ತಿತ್ತು. ಇಂಗ್ಲಿಷ್ ಬಾರದ ಕಾರಣ ಯಾವ ತಾಯಿಯೂ ಅಮೆರಿಕಕ್ಕೆ ಬರುತ್ತಿರಲಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಇದನ್ನು ಕೇಳುವುದೇ ಆಸೆ. ಇವತ್ತು ಆ ದೇಶಕ್ಕೊಂದು ಸಂತೆ ಸೇರಿಸಿ, ಇವತ್ತೊಂದು ಜಾತ್ರೆ ಸೇರಿಸಿ ಎಂದು ದಿನವೂ ಪೀಡಿಸುತ್ತೇನೆ.

ನಿನ್ನೆ ಕೇಳಿಬಿಟ್ಟೆ. "ಅಲ್ಲಿ ನೀವು ಮಗನ ಜೊತೆಗೇ ಇರ್ತಿದ್ರಿ, ಅಲ್ವಾ ಆಂಟಿ?" ಅವಳ ಇಂಗ್ಲಿಷನ್ನು ನನಗೆ ತಿಳಿದಂತೆ ಬರೆಯುತ್ತೇನೆ. "ಹೋಗೇ ಹುಚ್ಚಿ! ಮ್ಯಾಡ್ರಿಡ್‌ಗೆ ಹೋಗಿ ಅಲ್ಲಿನವರ ಮಕ್ಕಳನ್ನ ಎತ್ತಾಡಿಸ್ತಿದ್ದೆ. ಜೋಗುಳ ಸ್ಪ್ಯಾನಿಷ್‌ನಲ್ಲಿ ಹಾಡ್ತಿದ್ದೆ, ಅಷ್ಟೇ." ನಗುತ್ತಲೇ ಹೇಳಿದಳು. ಅವಳ ಮಗ ತನ್ನನ್ನು ಸಾಕಿದ ಚಿಕ್ಕಮ್ಮನನ್ನೇ ಅಮ್ಮ ಎನ್ನುತ್ತಾನಂತೆ. ಅವನ ಮದುವೆಯಲ್ಲಿ ಇವಳು ಎರಡನೇ ಸಾಲಿನಲ್ಲಿ ಕೂತಿದ್ದಳಂತೆ.

ಅಕ್ಕ, ಮೊನ್ನೆ ಫೋನಿನಲ್ಲಿ ಭಾನು ನಿನ್ನನ್ನು ಅಮ್ಮ ಎಂದದ್ದು, ನೀನು ಗದರಿ ಬಾಯಿ ಮುಚ್ಚಿಸಿದ್ದು ನನಗೆ ಕೇಳಿಸಿತು. ಅವಳನ್ನು ಬಯ್ಯಬೇಡ. ತಪ್ಪು ಅವಳದಲ್ಲ, ನಿನ್ನದಂತೂ ಅಲ್ಲ. ಈಗ ಸಿಯಾ ನನ್ನ ಕೆನ್ನೆಗೆ ಕೆನ್ನೆ ಒತ್ತಿದರೆ ಭಾನುವಿನ ಪಾಲನ್ನು ಕದ್ದು ಬೇರೆಯವರಿಗೆ ಕೊಟ್ಟಂತೆ ಆಗುತ್ತದೆ.

ಭಾವನವರಿಗೆ ನಮಸ್ಕಾರ ತಿಳಿಸು. ಭಾನುವಿನ ನೆತ್ತಿಗೆ ಎಣ್ಣೆ ತಟ್ಟುವಾಗ ನನ್ನ ಹೆಸರಿನಲ್ಲೊಂದು ಮುತ್ತು ಕೊಡು.

ನಿನ್ನ ತಂಗಿ,
ಮಲ್ಲಮ್ಮ

ತಾ.ಕ.: ಇನ್ನೊಂದು ವರ್ಷ ಇರುತ್ತೀಯಾ ಎಂದು ಪವಿತ್ರಕ್ಕ ಹೋದ ವಾರ ಕೇಳಿದಾಗ, ನಿನ್ನನ್ನೂ ಕೇಳದೆ ಹೂಂ ಎಂದು ತಲೆಯಾಡಿಸಿಬಿಟ್ಟೆ. ಈಗ ಇರಲು ಆಗುವುದಿಲ್ಲ ಅಕ್ಕ, ಯುಗಾದಿಗೆ ಬರುತ್ತೇನೆ. ಅವರೆದುರು ನಿಂತು ಹೇಳಲು ನನಗೆ ನಾಲಿಗೆಯೇ ಏಳುವುದಿಲ್ಲ. ಪತ್ರವನ್ನು ಅಂಚೆಗೆ ಹಾಕುವವರು ಅವರೇ, ಅವರಿಗೆ ಕನ್ನಡ ಓದಲು ಬರುತ್ತದೆ. ಲಕೋಟೆ ಅಂಟಿಸದೆ ಅವರ ಕೈಗೆ ಕೊಡುತ್ತೇನೆ.