ಬೋರಲು ಹಾಕಿದ ಬಕೆಟ್ಟು

ತಮ್ಮಾ ನಾಹುನ್,

ನೀನು ಓದುವುದಿಲ್ಲ, ಗೊತ್ತು. ಬರೆದಾದ ಮೇಲೆ ಒಲೆಗೆ ಹಾಕುತ್ತೇನೆ, ಯಾರಾದರೂ ನೋಡಿದರೆ? ಮೂರನೇ ಕ್ಲಾಸು ದಾಟದವಳ ಅಕ್ಷರ, ನಗಬೇಡ.

ಆ ಮೋಟಾರ್‌ಸೈಕಲ್ಲಿನವರು ನಿನಗೆ ಗುಂಡು ಹೊಡೆದು ನಿನ್ನೆಗೆ ಒಂಬತ್ತು ದಿನ. ಒಂಬತ್ತನೇ ದಿನದ ಪ್ರಾರ್ಥನೆಗೆ ಆ ಶಾಸಕ ಬಂದ, ಟೀವಿಯವರನ್ನು ಕಟ್ಟಿಕೊಂಡು. ಮುಂದಿನ ವಾರ ನನ್ನ ಟೀವಿ ಕಾರ್ಯಕ್ರಮಕ್ಕೆ ಕರೆಯುತ್ತೇನೆ ಎಂದಿದ್ದೆಯಲ್ಲ, ಅವನೇ. ನೀನು ನನ್ನ ಏಪ್ರನ್ನು ಕಟ್ಟಿ, ಮುದುಕಿಯ ವೇಷದಲ್ಲಿ ಮಂತ್ರಿಗಳನ್ನೆಲ್ಲ ಕೂರಿಸುತ್ತಿದ್ದ ಬಕೆಟ್ಟನ್ನು ತಾನೇ ಬೋರಲು ಹಾಕಿ ಕೂತ. "ನಾಹುನ್ ನನ್ನ ಗೆಳೆಯ" ಎಂದು ಕಣ್ಣೊರೆಸಿಕೊಂಡ.

ಪಕ್ಕದ ಮನೆ ಹಸಿಂತಜ್ಜಿ ಬಿಡುತ್ತಾಳೆಯೇ? ನಿನ್ನ ಆ ಮುದುಕಿಯದೇ ದನಿ ತೆಗೆದು ಕೇಳಿದಳು: "ಏನಪ್ಪಾ ದೊರೆ, ನಮ್ಮ ಗುಡ್ಡಕ್ಕೆ ನಲ್ಲಿ ನೀರು ಯಾವತ್ತು ಬರುತ್ತೆ, ಹೇಳು ನೋಡೋಣ?"

ಹನ್ನೊಂದು ವರ್ಷ ನೀನು ಕೇಳಿದ ಪ್ರಶ್ನೆ. ಒಬ್ಬ ಮಂತ್ರಿಗೂ ಉತ್ತರ ಗೊತ್ತಿರಲಿಲ್ಲ. ಅದಕ್ಕೇ ನಮ್ಮ ತೆಗುಸಿಗಾಲ್ಪ ಪಟ್ಟಣದ ಜನ ಸುದ್ದಿ ಓದುವವರನ್ನು ಬಿಟ್ಟು ನಿನ್ನನ್ನು ನಂಬಿದರು. ಮನೆಯೆಲ್ಲ ನಕ್ಕಿತು. ಶಾಸಕ ನಗಲಿಲ್ಲ. ನನ್ನ ಕಡೆ ತಿರುಗಿ, "ದಾರ್ವಿನ್ ಇನ್ನೂ ಬಸ್ಸು ಓಡಿಸ್ತಾನೇನಮ್ಮಾ? ಅದೇ ದಾರೀಲಾ?" ಅಂದ.

ನಮ್ಮ ಕಿರಿ ತಮ್ಮನ ಹೆಸರು, ದಾರಿ ಅವನಿಗೆ ಹೇಳಿದವರು ಯಾರು? ಅವನಿಗೂ ನಿನ್ನ ಗತಿಯೇ ಆದರೆ? ಕಾಫಿ ಕೊಡುವ ನೆಪದಲ್ಲಿ ಬಗ್ಗಿ ಅವನ ಕಿವಿಯಲ್ಲಿ ಉತ್ತರ ಹೇಳಿಬಿಟ್ಟೆ.

"ಒಂಬತ್ತು ದಿನಕ್ಕೊಂದ್ಸಲ, ಅಜ್ಜಿ. ನಾಳೆ ಬೆಳಿಗ್ಗೆ ಬರುತ್ತೆ" ಎಂದ. ಜನ ಚಪ್ಪಾಳೆ ತಟ್ಟಿದರು, ತಮ್ಮಾ. "ಇವನೊಬ್ಬನಿಗಾದರೂ ಗೊತ್ತಲ್ಲ" ಎಂದಳು ಹಸಿಂತಜ್ಜಿ.

ಈಗ ನೀರು ಬಂದಿದೆ. ಓಣಿಯೆಲ್ಲ ಕೊಡಗಳ ಸದ್ದು. ಆ ಬಕೆಟ್ಟು ಮಾತ್ರ ಅವನು ಎದ್ದು ಹೋದಲ್ಲೇ ಬೋರಲಾಗಿದೆ. ತಿರುಗಿಸಲು ನನಗೆ ಕೈ ಬರುತ್ತಿಲ್ಲ.

ನಿನ್ನ ಅಕ್ಕ